ಉಡಿ ತುಂಬಿದ ಮೇಲೆ ದಾರಿ

ಮೂಡಲಗಿ ತಾಲ್ಲೂಕಾಗಿ ಕೆಲವು ವರ್ಷಗಳಾಗಿದ್ದವು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳಿಗೆ ನಾನು ವಿಪತ್ತು ನಿರ್ವಹಣೆಯ ತರಬೇತುದಾರನಾಗಿದ್ದೆ. ಮೇಲಿನ ಅಣೆಕಟ್ಟಿನಿಂದ ಹೊರಹರಿವು, ಅಂದರೆ ಹೊಳೆಗೆ ಬಿಡುವ ನೀರು, ಹೆಚ್ಚಿದರೆ ಘಟಪ್ರಭೆಯ ದಂಡೆಯ ಓಣಿಗಳನ್ನು ಮುಂಚೆಯೇ ಖಾಲಿ ಮಾಡಿಸಬೇಕಿತ್ತು. ಮನೆ ಬಿಟ್ಟವರು ಉಳಿಯುವ ಶಾಲೆಗೆ ಕಚೇರಿಯಲ್ಲಿ ‘ಕಾಳಜಿ ಕೇಂದ್ರ’ ಎನ್ನುತ್ತಾರೆ.

ಮೂಡಲಗಿ ಭಾಗದ ಒಂದು ಹಳ್ಳಿಯ ಹೊಳೆಯೋಣಿಯನ್ನು ಒಂದು ಮಳೆಗಾಲ ಹಾಗೆ ಖಾಲಿ ಮಾಡಿಸಿದೆ. ನೀರು ಓಣಿಯ ಕೆಳಗಿನ ಮೆಟ್ಟಿಲು ಮುಟ್ಟಿ ಇಳಿಯಿತು. ಹೊರಡುವ ಮುನ್ನ ಹೆಂಗಸರು ಹೊಳೆಗೆ ಉಡಿ ತುಂಬಿದ್ದರು. ತವರಿಗೆ ಬಂದ ಮಗಳನ್ನು ಕಳಿಸುವಾಗ ಮಾಡುವಂತೆ ಕುಬಸ, ಅಕ್ಕಿ, ಕೊಬ್ಬರಿ, ಉತ್ತತ್ತಿ ಅರ್ಪಿಸಿ. ನೀರು ಇಳಿದದ್ದು ಅದರಿಂದಲೇ ಎಂದು ಊರು ತೀರ್ಮಾನಿಸಿತು. ಚಹಾದಂಗಡಿಯಲ್ಲಿ ನನ್ನನ್ನು ಕಂಡರೆ ನಗು.

“ಬರ್ರಿ ನೀರಿನ ಸಾಹೇಬ್ರ, ಇವತ್ತ ಯಾರ ಮನಿ ಮುಳುಗಸ್ತೀರಿ?”

ನಾನೂ ನಕ್ಕೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ನಕ್ಕ ನೆನಪಿಲ್ಲ.

ಮುಂದಿನ ಮಳೆಗಾಲ ಅಣೆಕಟ್ಟಿನಿಂದ ಮತ್ತೆ ಸಂದೇಶ ಬಂತು. ಹೊರಹರಿವು ಹಿಂದಿನದಕ್ಕಿಂತ ಬಹಳ ಹೆಚ್ಚು. ಸಂಜೆಯೊಳಗೆ ಓಣಿಗೆ ನೀರು. ಮಧ್ಯಾಹ್ನ ಹೋದರೆ ಒಬ್ಬರೂ ಗಂಟು ಕಟ್ಟಿರಲಿಲ್ಲ. ಪ್ರತಿ ಸಲ ಉಡಿ ತುಂಬುವ ಹಿರಿಯರಾದ ಶಾಂತವ್ವ ಕಟ್ಟೆಯ ಮೇಲೆ ಉಡಿಯ ಸಾಮಾನು ಹೊಂದಿಸುತ್ತಿದ್ದರು. ಅವರು ಎದ್ದರೆ ಮಾತ್ರ ಓಣಿ ಏಳುತ್ತಿತ್ತು.

“ನಾವೆಲ್ಲೂ ಬರೂದಿಲ್ರಿ ಸಾಹೇಬ್ರ. ಉಡಿ ತುಂಬತೇವಿ, ಆಕಿ ಹೋಗ್ತಾಳ. ಹ್ವಾದ ವರ್ಷ ನೀವ ನೋಡೀರಲ್ಲ?”

ಯಾವ ಮನೆಗೆ ನೀರು ಬರುತ್ತದೆಂದು ತೋರಿಸುವ ನಕ್ಷೆ ತೆಗೆಯಲು ಹೋದ ಕೈ ಹಿಂದೆ ಬಂತು. ಆ ನಕ್ಷೆ ಹೋದ ವರ್ಷವೇ ಸೋತಿತ್ತು.

“ಎತ್ತ ಹೋಗ್ತಾಳವ್ವಾ?” ಎಂದೆ.

ಶಾಂತವ್ವ ಹೊಳೆಯ ಕಡೆ ನೋಡಿದರು, ಓಣಿಯ ಉದ್ದಕ್ಕೂ ನೋಡಿದರು. ಆಮೇಲೆ ಹೆಂಗಸರ ಕಡೆ ತಿರುಗಿದರು.

“ಮಗಳ ಉಡಿ ತುಂಬಿ ಬಾಗಲಾಗ ಅಡ್ಡ ಕುಂತರ ಆಕಿ ಹ್ಯಾಂಗ ಹೋಗಬೇಕ? ದಾರಿ ಬಿಡಬೇಕ. ಏಳ್ರಿ, ಎಮ್ಮಿ ಬಿಚ್ಚರಿ. ಉಡಿ ತುಂಬಿ ಹಂಗ ಸಾಲಿಗೆ ನಡೀರಿ.”

ಆ ಮಾತು ಪೂರ್ತಿ ಅವರದೇ, ನಾನು ಏನಾದರೂ ಎತ್ತಿಕೊಟ್ಟಿದ್ದೆನೇ, ಈಗ ಖಚಿತವಿಲ್ಲ. ತರಬೇತಿಗಳಲ್ಲಿ ಹೇಳಿ ಹೇಳಿ ನನ್ನ ಪ್ರಶ್ನೆ ಪ್ರತಿ ಸಲವೂ ಸ್ವಲ್ಪ ಜಾಣವಾಗುತ್ತಿದೆ.

ಓಣಿ ಎದ್ದು ಶಾಲೆಗೆ ನಡೆಯಿತು. ಸಂಜೆಗೆ ನೀರು ಕಿಟಕಿಯ ಮಟ್ಟಕ್ಕೇರಿದಾಗ ಅಲ್ಲಿ ಒಬ್ಬರೂ ಇರಲಿಲ್ಲ. ಶಾಲೆಯೊಳಗೆ ರೊಟ್ಟಿ ಹಂಚುತ್ತ, ಶಾಂತವ್ವ ಓಣಿ ಉಳಿಸಿದಳು ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ನಿಜವೂ ಹೌದು. ನಾನು ಹೊರಗಿನ ಕಂಬಕ್ಕೊರಗಿ ಕೆಳಗಿನ ಹಳ್ಳಿಗೆ ಫೋನ್ ಹಚ್ಚುತ್ತಿದ್ದೆ.

ಎಚ್ಚರಿಕೆ ಕೇಳುವವರ ಸ್ವಂತ ಮಾತಾದಾಗಲೇ ಜನ ಹೆಜ್ಜೆ ಎತ್ತುತ್ತಾರೆ. ಆಮೇಲೆ ಅದರಲ್ಲಿ ಹೇಳಿದವನಿಗೆ ಜಾಗ ಉಳಿಯುವುದಿಲ್ಲ, ಉಳಿಯಲೂಬಾರದು. ಈ ಕೆಲಸ ನನಗೆ ಕಲಿಸಿದ್ದು ಅದು. ಆದರೂ ಆ ಸಂಜೆ, ಒಳಗಿನಿಂದ ಯಾರಾದರೂ ಊಟಕ್ಕೆ ಕರೆದಾರೆಂದು ಫೋನ್ ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ. ಅದು ಮಾತ್ರ ಚೆನ್ನಾಗಿ ನೆನಪಿದೆ.