ಹೆಡ್‌ಮಾಸ್ತರರ ಸಹಿ ಬಿದ್ದ ಕತೆ

ಮಕ್ಕಳ ಕತೆಯಲ್ಲಿ ಕುಂಟ ಹುಡುಗನೊಬ್ಬ ಬಂದನೆಂದರೆ ಸಾಕು, ನನಗೆ ಮೈ ಉರಿಯುತ್ತದೆ. ಕೊನೆಯ ಪುಟದಲ್ಲಿ ಅವನ ಕಾಲು ನೆಟ್ಟಗಾಗುವುದು ಖಾತ್ರಿ. ಬರೆದವನ ಜುಟ್ಟು ಹಿಡಿದು, ಅಯ್ಯಾ ಮಾರಾಯ, ಆ ಕಾಲಿನ ತಂಟೆಗೆ ಯಾಕೆ ಹೋದೆ ಎಂದು ಕೇಳಬೇಕೆನಿಸುತ್ತದೆ. ಹಾಗೆ ಕೇಳುವ ಯೋಗ್ಯತೆ ಮಾತ್ರ ನನಗಿಲ್ಲ. ಅಂಥದೇ ಒಂದು ಕತೆಯನ್ನು ಹದಿನಾಲ್ಕನೇ ವಯಸ್ಸಿನಲ್ಲಿ ನಾನೇ ಬರೆದಿದ್ದೇನೆ.

ಆಗ ನಾವು ನ್ಯಾಮತಿಯಲ್ಲಿದ್ದೆವು. ಯುದ್ಧದ ಕಾಲ, ಸೀಮೆಎಣ್ಣೆಗೂ ಕಾಗದಕ್ಕೂ ಪರದಾಟ. ಅಪ್ಪ ಮೆಣಸಿನಕಾಯಿ ದಲ್ಲಾಳಿ. ತಂಗಿಗೆ ಎಂಟು ವರ್ಷ. ಕೂಸಾಗಿದ್ದಾಗ ಬಂದ ಜ್ವರದಲ್ಲಿ ಅವಳ ಎರಡೂ ಕಾಲು ಸೋತುಹೋಗಿದ್ದವು. ಕೈಯೂರಿ ಸರಿಯುತ್ತ ಮನೆಯೆಲ್ಲ ಸುತ್ತುತ್ತಿದ್ದಳು. ಬಾಯಿ ಮಾತ್ರ ಊರಗಲ. ಸದಾ ನೆಲದ ಮೇಲೇ ಇರುತ್ತಿದ್ದುದರಿಂದ ಅಂಗಳದಲ್ಲಿ ಮೂಡಿದ ಹೆಜ್ಜೆಗಳೆಲ್ಲ ಅವಳಿಗೆ ಗುರುತು. "ಹಾಲಿನಾಕಿ ಬಂದು ಹೋಗ್ಯಾಳೆ. ಎಡಗಾಲಿಗೆ ಮುಳ್ಳು ಚುಚ್ಚೈತೆ, ನೋಡು" ಎನ್ನುತ್ತಿದ್ದಳು. ವಿಚಾರಿಸಿದರೆ ನಿಜವೇ ಆಗಿರುತ್ತಿತ್ತು.

ಅವಳಿಗೆ ನಾಲ್ಕು ವರ್ಷವಿದ್ದಾಗ ಜಗಳೂರಿನ ಅಜ್ಜಿ ಅವಳನ್ನು ಸೂರ್ಯಗ್ರಹಣದ ದಿನ ತಿಪ್ಪೆಯಲ್ಲಿ ಹೂಳಿಸಿದ್ದಳು. ಗ್ರಹಣ ಹಿಡಿದು ಬಿಡುವತನಕ ಮಗುವನ್ನು ಗುಂಡಿಯಲ್ಲಿ ಕೂರಿಸಿ, ಕುತ್ತಿಗೆಯವರೆಗೆ ಗೊಬ್ಬರ ತುಂಬಿದರೆ ಸೋತ ಕಾಲಿಗೆ ಬಲ ಬರುತ್ತದೆಂದು ಅಜ್ಜಿಯ ನಂಬಿಕೆ. ಮಗು ಕಿರುಚಿ ಕಿರುಚಿ ಉಸಿರು ಕಟ್ಟಿದಾಗ ಅಪ್ಪ ತಡೆಯಲಾರದೆ ಅರ್ಧಕ್ಕೇ ಎತ್ತಿಕೊಂಡು ಬಂದಿದ್ದ. "ಮೂಗಿನ ಮ್ಯಾಲೆ ನೊಣ ಕೂತ್ರೆ ಓಡಿಸಾಕೆ ಕೈನೇ ಇರ್ಲಿಲ್ಲ ಅಣ್ಣಾ" ಎಂದು ಅವಳು ಎಷ್ಟೋ ಸಲ ನನಗೆ ಹೇಳಿದ್ದಾಳೆ. ಅಲ್ಲಿಂದ ಮುಂದೆ ಕಾಲು ವಾಸಿಯಾಗುವ ಕತೆ ಎಂದರೆ ಅವಳಿಗೆ ಹೆದರಿಕೆ. ಯಾರದೋ ಕತೆಯ ಕುಂಟನಿಗೆ ಬೂದಿಯಿಂದ ವಾಸಿಯಾದರೆ ಮರುದಿನವೇ ಅವ್ವ ಬೂದಿ ತರುತ್ತಿದ್ದಳು. ಎಣ್ಣೆಯಿಂದ ವಾಸಿಯಾದರೆ ಎಣ್ಣೆ ಕಾಯಿಸುತ್ತಿದ್ದಳು.

ನಮ್ಮ ಶಾಲೆಯಲ್ಲಿ ಆ ವರ್ಷ ಕೈಬರಹದ ಪತ್ರಿಕೆ ಹೊರಟಿತು. ಇದ್ದದ್ದು ಒಂದೇ ಪ್ರತಿ. ಬಟ್ಟೆಯಲ್ಲಿ ಸುತ್ತಿ ಮನೆಯಿಂದ ಮನೆಗೆ ಕಳಿಸುವುದು, ಒಂದು ಮನೆಯಲ್ಲಿ ಎರಡು ದಿನ. ನಡುವೆ ಯಾರೂ ಹಾಳೆ ಬದಲಿಸಬಾರದೆಂದು ಪ್ರತಿ ಬರಹದ ಕೊನೆಗೆ ಹೆಡ್‌ಮಾಸ್ತರರು ಸಹಿ ಮಾಡಿ, ಶಾಲೆಯ ದುಂಡು ಮೊಹರು ಒತ್ತುತ್ತಿದ್ದರು. ಅಕ್ಷರ ಚೆನ್ನಾಗಿದ್ದುದರಿಂದ ಎಲ್ಲರ ಬರಹವನ್ನೂ ಪತ್ರಿಕೆಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಕತೆಯನ್ನೂ ನೀನೇ ಬರಿ ಎಂದರು.

ತಂಗಿಗೆ ಹೇಳಿದೆ. ಹೊಸಿಲ ಹತ್ತಿರ ಕೂತು ಹುಣಸೆಬೀಜ ಆಡುತ್ತಿದ್ದವಳು ತಲೆ ಎತ್ತಿದಳು. "ನನ್ನಂಥ ಹುಡುಗನ್ನ ಹಾಕು. ಅವನಿಗೆ ಯಾರೂ ಏನೂ ಮಾಡಬಾರ್ದು. ಕಾಲು ಸರಿಹೋಗಬಾರ್ದು. ನನ್ನ ಮ್ಯಾಲೆ ಆಣೆ ಇಡು."

"ಏ, ಹುಚ್ಚಿ! ಕತೆಗೆಲ್ಲ ಆಣೆ ಯಾರಿಡ್ತಾರೆ?" ಎಂದೆ. ಬಿಡಲಿಲ್ಲ. ಅವಳ ತಲೆ ಮುಟ್ಟಿ ಆಣೆ ಇಟ್ಟೆ.

ಕತೆ ಚೆನ್ನಾಗಿಯೇ ಬಂತು, ಈಗ ಹೇಳಿಕೊಂಡರೆ ತಪ್ಪೇನು! ಕೈಯೂರಿ ಸರಿಯುವ ಒಬ್ಬ ಹುಡುಗ. ಊರಿನ ಒಂದು ಎತ್ತು ಕಳುವಾಗುತ್ತದೆ. ನಡೆದಾಡುವ ಗಂಡಸರೆಲ್ಲ ಹೊನ್ನಾಳಿ ದಾರಿ ಹಿಡಿದು ಹುಡುಕಿದರೆ, ಈ ಹುಡುಗ ಕೆರೆಯಂಚಿನ ಕೆಸರಿನಲ್ಲಿ ಆ ಎತ್ತಿನ ಬಿರುಕುಬಿಟ್ಟ ಗೊರಸಿನ ಗುರುತು ಹಿಡಿದು ಕಳ್ಳನ ಹಟ್ಟಿ ಸೇರುತ್ತಾನೆ, ಆ ಎತ್ತಿನ ಬೆನ್ನ ಮೇಲೇ ಊರಿಗೆ ಬರುತ್ತಾನೆ. ಗೊರಸಿನ ಉಪಾಯ ತಂಗಿಯದು.

ಹೆಡ್‌ಮಾಸ್ತರರು ಓದಿ ತಲೆದೂಗಿದರು. ಆಮೇಲೆ ಹಾಳೆ ತಿರುಗಿಸಿ ನೋಡಿದರು. "ಕಾಲಿನ ವಿಚಾರ ಏನಾಯ್ತೋ?"

"ಏನೂ ಆಗಲ್ಲ ಸಾರ್."

"ಹಂಗಂದ್ರೆ ಹೆಂಗೋ? ಇನ್‌ಸ್ಪೆಕ್ಟರ್ ಸಾಹೇಬ್ರು ನೋಡೋ ಪತ್ರಿಕೆ. ಮಕ್ಕಳ ಕತೆ ಶುಭವಾಗಿ ಮುಗೀಬೇಕು. ಇಷ್ಟು ಒಳ್ಳೆ ಹುಡುಗನಿಗೆ ಕಾಲು ಕೊಡಾಕೆ ನಿನಗೇನು ಕಷ್ಟ? ದೇವರು ಪ್ರತ್ಯಕ್ಷ ಆದ, ಗೀದ ಅಂತ ಬರೀಬೇಡ. ನಮ್ಮ ಕಡೆ ನಡೆಯೋದನ್ನ ಬರಿ. ಇಲ್ಲಾಂದ್ರೆ ಆ ಜಾಗಕ್ಕೆ ಬೇರೆ ಹುಡುಗನ ಪದ್ಯ ಹಾಕ್ತೀನಿ."

ಆಗಲ್ಲ ಸಾರ್ ಎನ್ನಬೇಕಿತ್ತು. ಮೊದಲ ಪುಟದ ಆಸೆ, ಥೂ! ನಮ್ಮ ಕಡೆ ನಡೆಯುವುದು ಎಂದಾಗ ನನಗೆ ನೆನಪಾದದ್ದು ಒಂದೇ. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ: ಗ್ರಹಣದ ದಿನ ಹುಡುಗನನ್ನು ತಿಪ್ಪೆಯಲ್ಲಿ ಹೂಳಿದರು, ಪೂರ್ತಿ ಬಿಡುವವರೆಗೆ ಅವನು ಅಳದೆ ಅಲುಗದೆ ಕೂತ, ಆಮೇಲೆ ಎದ್ದು ಓಡಿದ. ಹೆಡ್‌ಮಾಸ್ತರರು ಸಹಿ ಹಾಕಿ ಮೊಹರು ಒತ್ತಿದರು. ತಂಗಿಗೆ ಓದು ಬರುತ್ತಿರಲಿಲ್ಲ. ಪತ್ರಿಕೆ ಮನೆಗೆ ಬಂದರೆ ನಾನೇ ಓದಿ ಹೇಳುವುದು, ಕೊನೆಯನ್ನು ನುಂಗಿಬಿಡುವುದು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಪತ್ರಿಕೆ ನಮ್ಮ ಮನೆಗೆ ಬಂದ ದಿನ ಅಪ್ಪ ಅದನ್ನು ನನ್ನ ಕೈಗೆ ಕೊಡಲೇ ಇಲ್ಲ. ಮಗ ಬರೆದದ್ದು ನೋಡಿ! ಪಡಸಾಲೆಯಲ್ಲಿ ಕೂತು ದೊಡ್ಡ ದನಿಯಲ್ಲಿ ಓದಿದ. ಗೊರಸಿನ ಗುರುತು ಬಂದಾಗ ತಂಗಿ ನನ್ನ ಕಡೆ ನೋಡಿ ಕಿಸಿಕಿಸಿ ನಕ್ಕಳು. ಗ್ರಹಣ ಎಂಬ ಮಾತು ಬಂದೊಡನೆ ನಗು ನಿಂತಿತು. ಅವ್ವ ಮೊರ ಕೆಳಗಿಟ್ಟು, "ಇನ್ನೊಂದ್ಸಲ ಓದ್ರಿ" ಎಂದಳು. ಅಪ್ಪ ಓದಿದ.

"ನಾವು ಅರ್ಧಕ್ಕೇ ಎತ್ತಿಬಿಟ್ವಿ. ಅದಕ್ಕೇ ಆಗ್ಲಿಲ್ಲ ನೋಡ್ರಿ" ಎಂದಳು ಅವ್ವ.

ನಾನು ಹಾರಿಬಿದ್ದೆ. "ಅವ್ವಾ, ಅದು ಸುಳ್ಳು! ನಾನೇ ಕಟ್ಟಿದ್ದು!"

"ಸುಳ್ಳಾದ್ರೆ ಮೇಷ್ಟ್ರು ಯಾಕೆ ಸಹಿ ಹಾಕ್ತಿದ್ರು? ಮೊಹರು ಬ್ಯಾರೆ ಐತೆ."

ಅಪ್ಪನೂ ಮೊಹರಿನ ಮೇಲೆ ಬೆರಳಾಡಿಸಿದ. ಅವನ ಅನುಭವದಲ್ಲಿ ಮೊಹರು ಬಿದ್ದ ಕಾಗದ ಸುಳ್ಳು ಹೇಳಿದ್ದಿಲ್ಲ. ಹೊಲದ ಪತ್ರ, ಮಾರಾಟದ ಪಟ್ಟಿ, ರಸೀದಿ, ಎಲ್ಲಕ್ಕೂ ಮೊಹರೇ ಪ್ರಮಾಣ. ಪಂಚಾಂಗ ತೆಗೆದು ನೋಡಿದ. ಮುಂದಿನ ಅಮಾವಾಸ್ಯೆಗೇ ಗ್ರಹಣವಿತ್ತು.

ತಂಗಿ ಸರಿಯುತ್ತ ಸರಿಯುತ್ತ ಒಳಗೆ ಹೋಗಿ ರಾಗಿ ಮೂಟೆಯ ಹಿಂದೆ ಕೂತಳು.

ಮರುದಿನವೇ ಹೆಡ್‌ಮಾಸ್ತರರ ಮನೆಗೆ ಓಡಿದೆ. ನೀವು ಬಂದು ಒಂದು ಮಾತು ಹೇಳಿ ಸಾರ್, ಅದು ಬರೀ ಕತೆ ಅಂತ ಹೇಳಿ ಎಂದು ಕೈಮುಗಿದೆ. ಅವರು ನಕ್ಕರು. "ಕತೇನ ಯಾರಾದ್ರೂ ನಿಜ ಅಂತ ನಂಬ್ತಾರೇನೋ, ಪೆದ್ದ!" ಎಂದರು. ನಂಬಿದ್ದಾರೆ ಸಾರ್ ಎಂದೆ. ಅವರ ಮುಖ ಸಣ್ಣಗಾಯಿತು. ನಾನು ಸಹಿ ಹಾಕಿದ್ದು ಸುಳ್ಳು ಅಂತ ಊರಲ್ಲಿ ನಾನೇ ಹೇಳ್ಕೊಂಡು ತಿರುಗಲೇನು, ನಿಮ್ಮ ಮನೆ ವಿಚಾರ ನೀವೇ ನೋಡಿಕೊಳ್ಳಿ ಎಂದು ಒಳಗೆ ಹೋದರು. ಆ ಮನುಷ್ಯ ಸತ್ತು ಎಷ್ಟೋ ವರ್ಷವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲಿನ ಸಿಟ್ಟನ್ನೂ ಅವರ ತಲೆಗೇ ಕಟ್ಟುತ್ತಿದ್ದೇನೋ ಏನೋ.

ಅಪ್ಪನ ಕಾಲು ಹಿಡಿದೆ. ಊಟ ಬಿಟ್ಟೆ. ಅವ್ವ, "ತಂಗಿ ನಡೆದಾಡೋದು ನಿನಗೆ ಬ್ಯಾಡೇನೋ?" ಎಂದು ಅತ್ತಳು.

ಗ್ರಹಣದ ದಿನ ಹಿತ್ತಿಲ ತಿಪ್ಪೆಯಲ್ಲಿ ಅಪ್ಪನೇ ಗುಂಡಿ ತೋಡಿದ. ತಂಗಿ ಅಳಲಿಲ್ಲ, ಕೊಸರಲಿಲ್ಲ. ಕುತ್ತಿಗೆಯವರೆಗೆ ಗೊಬ್ಬರ ತುಂಬಿದರು. ಈ ಸಲ ಸುಮ್ಮನೆ ಕೂತಾಳೆ ಎಂದು ಅವ್ವ ಸಂತೋಷದಿಂದ ಒಳಗೆ ಹೋಗಿ ದೇವರ ಮುಂದೆ ಕೂತಳು. ನೊಣ ಓಡಿಸಲು ನನ್ನನ್ನು ಪಕ್ಕದಲ್ಲಿ ಕೂರಿಸಿದರು. ಬಿಸಿಲು ಮಂಕಾಯಿತು, ಕೋಳಿಗಳು ಗೂಡಿಗೆ ಹೋದವು. ಅವಳ ತುಟಿ ಒಣಗಿತ್ತು. ಗ್ರಹಣಕಾಲದಲ್ಲಿ ನೀರು ಕೊಡುವಂತಿರಲಿಲ್ಲ.

"ಅಣ್ಣಾ" ಎಂದಳು.

"ಏನೇ?"

"ನಿನ್ನ ಹುಡುಗ ಎಷ್ಟೊತ್ತು ಕೂತಿದ್ದ?"

ಅವನನ್ನು ನಾನು ಒಂದೇ ಸಾಲಿನಲ್ಲಿ ಕೂರಿಸಿ ಎಬ್ಬಿಸಿದ್ದೆ. "ಗೊತ್ತಿಲ್ಲ ಕಣೇ" ಎಂದೆ.

"ಬರೆದೋನು ನೀನೇ ಅಲ್ಲೇನು?" ಎಂದಳು.

ಗ್ರಹಣ ಇನ್ನೂ ಅರ್ಧವೂ ಬಿಟ್ಟಿರಲಿಲ್ಲ.