ಪಲ್ಪರ್ ಇಲ್ಲದ ಮನೆಯಲ್ಲೂ ಓಡಬೇಕು

ನಿನ್ನೆ ಮಧ್ಯಾಹ್ನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹುದಿಕೇರಿ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದಾಯಿತು. ಸಿಗದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಮೂರನೇ ಕ್ಲಾಸಿನ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಮೊಮ್ಮಗಳು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಪ್ಯಾಕೇಜ್ ಕಟ್ಟುತ್ತಾಳೆ. ಅಂದರೆ, ಯಾರೋ ಬರೆದ ಸಾಫ್ಟ್‌ವೇರನ್ನು ಯಾರು ಬೇಕಾದರೂ ಸುಲಭವಾಗಿ ಹಾಕಿಕೊಳ್ಳುವ ಹಾಗೆ ಗಂಟು ಮಾಡಿ ಕೊಡುವುದು. ಈ ಸಲದ್ದು ಸಣ್ಣ ಲೈಬ್ರರಿಗಳು ತಮ್ಮ ಪುಸ್ತಕಗಳ ಪಟ್ಟಿಯನ್ನು ವೆಬ್‌ನಲ್ಲಿ ತೋರಿಸುವ ಸಾಫ್ಟ್‌ವೇರ್. ಅವಳ ಮೊದಲನೇ ಗಂಟು ಅದು. ಗಂಟು ಬಿಚ್ಚಿ ಪರೀಕ್ಷೆ ಮಾಡುವವರ ಒಪ್ಪಿಗೆ ಶನಿವಾರದೊಳಗೆ ಸಿಗದಿದ್ದರೆ ಲಿನಕ್ಸಿನ ಹೊಸ ಆವೃತ್ತಿಯ ಬಾಗಿಲು ಮುಚ್ಚಿಬಿಡುತ್ತದೆ, ಮುಂದಿನದಕ್ಕೆ ಕಾಯಬೇಕು.

ಗುರುವಾರ ಮುಖ ಸಣ್ಣ ಮಾಡಿಕೊಂಡು ಜಗಲಿಗೆ ಬಂದಳು. ಗಂಟು ವಾಪಸ್ ಬಂದಿತ್ತು.

"ಏನಂತೆ ಕೂಸೇ?"

"ಫೋಟೋ ಸಣ್ಣದು ಮಾಡೋ ಒಂದು ಪ್ರೋಗ್ರಾಂ ಇದೆ ಅಜ್ಜ. ಅದನ್ನ 'ಬೇಕೇ ಬೇಕು' ಪಟ್ಟಿಯಿಂದ ತೆಗೆದು 'ಇದ್ದರೆ ಒಳ್ಳೇದು' ಪಟ್ಟಿಗೆ ಹಾಕಿದ್ದೆ. ಅದಿಲ್ಲದ ಕಡೆ ನಿನ್ನ ಗಂಟು ಶುರುವೇ ಆಗಲ್ಲ ಅಂತ ಬರೆದಿದ್ದಾರೆ. ನನ್ನಲ್ಲಿ ಚೆನ್ನಾಗೇ ಓಡ್ತದೆ!"

"ಹಾಗಾದ್ರೆ ಬೇಕೇ ಬೇಕು ಅಂತ್ಲೇ ಹಾಕಿಬಿಡು."

"ಹಾಕಿದ್ರೆ ಅದಕ್ಕೆ ಬೇಕಾದ ಬೇರೆ ಪ್ರೋಗ್ರಾಂಗಳೂ ನೆಂಟರಿಷ್ಟರ ಹಾಗೆ ಹಿಂದೆ ಬರ್ತವೆ. ಲೈಬ್ರರಿಯ ಹಳೇ ಕಂಪ್ಯೂಟರಲ್ಲಿ ಅಷ್ಟು ಜನಕ್ಕೆ ಜಾಗ ಎಲ್ಲಿದೆ?"

ನನಗೆ ಕುತೂಹಲ ತಡೆಯಲಿಲ್ಲ. ಆ ಫೋಟೋದವನಿಗೆ ಕೆಲಸ ಬರೋದು ಯಾವಾಗ ಎಂದು ಕೇಳಿದೆ. ಯಾರಾದರೂ ಪುಸ್ತಕದ ಮುಖಪುಟದ ಚಿತ್ರ ಹಾಕಿದಾಗ ಮಾತ್ರವಂತೆ. ಮತ್ತೆ ಅವನನ್ನು ಕರೆಯೋದು ಯಾವಾಗ?

"ಸಾಫ್ಟ್‌ವೇರ್ ಶುರುವಾಗೋ ಮೊದಲನೇ ಸಾಲಲ್ಲೇ. ಅವನು ಸಿಗದಿದ್ರೆ ಅಲ್ಲೇ ನಿಂತುಬಿಡ್ತದೆ," ಎಂದಳು.

ನಾನು ಹಿಂದೆ ಕೆಲಸಕ್ಕಿದ್ದ ಪಾಲಿಬೆಟ್ಟದ ಕಾಫಿ ಎಸ್ಟೇಟು ಕಣ್ಣಮುಂದೆ ಬಂತು. ಅಲ್ಲಿ ಪಲ್ಪರ್, ಅದೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್, ನನ್ನ ಕೈಲಿತ್ತು. ಒಂದು ವರ್ಷ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರಿರುವಾಗಲೇ ಅದರ ಮೋಟಾರು ಕೆಟ್ಟಿತು. ರಿಪೇರಿ ಆಗಿ ಬರಲಿ ಎಂದು ಹಣ್ಣಿನ ಚೀಲಗಳನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿದೆ. ಮೂರನೇ ದಿನಕ್ಕೆ ಹುಳಿ ನಾತ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೂಗು ಮುಚ್ಚಿಕೊಂಡೇ ಬೈದರು, "ಮಹಾರಾಯ, ಪಲ್ಪರ್ ಇಲ್ಲದವರು ಕಾಫಿ ಬೆಳೆಯೋದಿಲ್ವಾ? ಕಣದಲ್ಲಿ ಹರಡಿದ್ರೆ ಚೆರಿ ಆಗ್ತಿತ್ತಲ್ಲ!" ಸಿಪ್ಪೆ ಸಮೇತ ಒಣಗಿದ್ದೇ ಚೆರಿ. ಅದೂ ಕಾಫಿಯೇ. ದಿನವಿಡೀ ಮಿಷನ್ ಮುಂದೆ ನಿಂತವನಿಗೆ ಅದು ಹೊಳೆದೇ ಇರಲಿಲ್ಲ.

ಕತೆ ಕೇಳಿ ಮೊಮ್ಮಗಳು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ನಾನೂ ನಿಮ್ಮ ಮೊಮ್ಮಗಳೇ ಬಿಡಿ. ಎಲ್ಲಾ ಇರೋ ನನ್ನ ಕಂಪ್ಯೂಟರಲ್ಲೇ ಓಡಿಸಿ ನೋಡಿದ್ದು."

ಒಳಗೆ ಹೋಗಿ ಕಂಪ್ಯೂಟರಿನೊಳಗೇ ಫೋಟೋದವನಿಲ್ಲದ ಇನ್ನೊಂದು ಖಾಲಿ ಕಂಪ್ಯೂಟರ್ ಮಾಡಿದಳು. ಅದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗಂಟು ಅಲ್ಲಿ ಹೊಸ್ತಿಲಲ್ಲೇ ಬಿತ್ತು. ಶುಕ್ರವಾರವಿಡೀ ಕೂತು ತಿದ್ದಿ ರಾತ್ರಿ ಮತ್ತೆ ಕಳಿಸಿದಳು. ಚಿತ್ರ ಬಂದಾಗ ಮಾತ್ರ ಫೋಟೋದವನನ್ನು ಕರೆಯುವುದು, ಅವನಿಲ್ಲದಿದ್ದರೆ ಚಿತ್ರವನ್ನು ಇದ್ದ ಹಾಗೇ ತೋರಿಸುವುದು.

ಶನಿವಾರ ಊಟದ ಹೊತ್ತಿಗೆ ಕೂಗಿದಳು, "ಅಜ್ಜ, ಒಪ್ಪಿದ್ರು!"

ನಾನು ಎಂಜಲು ಕೈಯಲ್ಲೇ ಓಡಿದೆ. ನನ್ನ ಹೆಂಡತಿ ಹಿಂದಿನಿಂದ, "ನಿಮಗೇ ಕೆಲಸ ಸಿಕ್ಕಿದ ಹಾಗೆ ಓಡ್ತೀರಲ್ಲ!" ಎಂದಳು. ಅನ್ನಲಿ.

"ಆ ಖಾಲಿ ಮನೇಲಿ ಓಡಿಸಿ ತೋರಿಸು," ಎಂದೆ. ಪುಸ್ತಕಗಳ ಹೆಸರು ಸಾಲಾಗಿ ಬಂದವು. ಒಂದನ್ನು ಒತ್ತಿದಳು. ಸಣ್ಣದು ಮಾಡುವವನಿಲ್ಲದೆ ಮುಖಪುಟ ಪರದೆ ತುಂಬ ಹರಡಿ, ಅರ್ಧ ಹೊರಗೇ ಉಳಿಯಿತು.

"ಇದು ಚೆರಿ," ಎಂದೆ.