ಪೂರ್ವಗ್ರಹವಿಲ್ಲದೆ

ಜೈಲಿನ ಬಿ ಬ್ಲಾಕಿನ ತುಂಬ ಒಂದೇ ಮಾತು: ಕ್ಲಿಯೋಫಸ್ ಟಾರ್ವರ್ ಕೇಸು ಗೆದ್ದನಂತೆ. ‘ಪೂರ್ವಗ್ರಹವಿಲ್ಲ’ ಎಂದು ಫೆಡರಲ್ ಜಡ್ಜೇ ಬರೆದುಕೊಟ್ಟಿದ್ದಾನಂತೆ. ಅಲಬಾಮದಲ್ಲಿ ಕಪ್ಪು ಮನುಷ್ಯನೊಬ್ಬನಿಗೆ ಅಂಥ ಮಾತು ಕಾಗದದ ಮೇಲೆ ಸಿಕ್ಕಿದ್ದು ಇದೇ ಮೊದಲಂತೆ.

ಸುದ್ದಿ ಸುಳ್ಳು. ಅದನ್ನು ಹುಟ್ಟಿಸಿದವನು ಟಾರ್ವರನೇ.

ಸೆರೆಗೆ ಬರುವ ಮೊದಲು ಅವನು ಮನೆಗಳಿಗೆ ಸೂರು ಹೊದಿಸುವ ಕೆಲಸಗಾರ. ಆರಡಿ ನಾಲ್ಕಂಗುಲದ ಆಳು. ಅಂಗಡಿಯೊಂದನ್ನು ದೋಚಿದನೆಂದು ಮೂವತ್ತು ವರ್ಷ ಶಿಕ್ಷೆಯಾಯಿತು. ಹನ್ನೊಂದನೆಯ ವರ್ಷದಲ್ಲಿ ತಂಗಿ ಎರ್ಲೀನ್ ಪೊಲೀಸರ ಹಳೆಯ ಕಡತದಿಂದ ಒಂದು ಹಾಳೆಯ ಪ್ರತಿ ತೆಗೆಸಿ ಕಳಿಸಿದಳು. ‘ಕಳ್ಳ ನನ್ನ ಭುಜದಷ್ಟೇ ಎತ್ತರವಿದ್ದ’ ಎಂದು ಅಂಗಡಿಯವನು ಮೊದಲ ದಿನವೇ ಹೇಳಿದ್ದ. ಆ ಹೇಳಿಕೆಯನ್ನು ತನಿಖಾಧಿಕಾರಿ ಮುಚ್ಚಿಟ್ಟಿದ್ದ.

ಜೈಲಿನ ಕಾನೂನು ಗ್ರಂಥಾಲಯದಲ್ಲಿ ಎರಡು ಬಗೆಯ ಅರ್ಜಿಗಳಿದ್ದವು. ಒಂದು ಬಿಡುಗಡೆ ಕೇಳುವುದು. ಇನ್ನೊಂದು ಹಕ್ಕು ಕಸಿದ ಅಧಿಕಾರಿಯ ಮೇಲೆ ದಾವೆ ಹೂಡುವುದು. ಎರಡನೆಯದರ ಮೊದಲ ಪುಟದಲ್ಲೇ ಅನ್ಯಾಯ ಮಾಡಿದವರ ಹೆಸರಿಗೆ ಜಾಗ ಬಿಟ್ಟಿತ್ತು. ಹನ್ನೊಂದು ವರ್ಷದಲ್ಲಿ ಯಾರೂ ಅವನನ್ನು ಕೇಳದಿದ್ದ ಪ್ರಶ್ನೆ ಅದು. ಟಾರ್ವರ್ ಅದನ್ನೇ ಎತ್ತಿಕೊಂಡ.

ಹದಿನಾಲ್ಕು ತಿಂಗಳ ಮೇಲೆ ಆದೇಶ ಬಂತು: ‘ಪೂರ್ವಗ್ರಹವಿಲ್ಲದೆ ವಜಾ ಮಾಡಲಾಗಿದೆ.’ ವಜಾ ಅಂದರೆ ಶಿಕ್ಷೆಯೇ ವಜಾ ಎಂದು ಓದಿಕೊಂಡು, ಊಟದ ಸಾಲಿನಲ್ಲಿ ನಾಲ್ವರಿಗೆ ಹೇಳಿಬಿಟ್ಟ. ಆಮೇಲೆ ಹಾಳೆಯನ್ನು ಗ್ರಂಥಾಲಯದ ಮುದುಕ ಪರ್ನೆಲ್‌ಗೆ ತೋರಿಸಿದ. ಜೀವಾವಧಿ ಕೈದಿಯಾದ ಪರ್ನೆಲ್ ಎರಡು ಸಲ ಓದಿ ಕನ್ನಡಕ ತೆಗೆದ.

“ವಜಾ ಆಗಿರೋದು ನಿನ್ನ ದಾವೆ ಕಣಪ್ಪಾ.”

“ಮತ್ತೆ ಪೂರ್ವಗ್ರಹ ಇಲ್ಲ ಅಂದಿದ್ದಾರಲ್ಲ, ಪಾಪ್ಸ್?”

“ಅದು ಜಡ್ಜಿನ ಮನಸ್ಸಿನ ಮಾತಲ್ಲ. ಮತ್ತೆ ಹಾಕ್ಬೋದು ಅಂತ, ಅಷ್ಟೆ. ಮೊದ್ಲು ಶಿಕ್ಷೆ ರದ್ದು ಮಾಡಿಸ್ಕೊಂಡು ಬಾ, ಆಮೇಲೆ ಪೊಲೀಸ್ನೋನ ಮೇಲೆ ದಾವೆ ಹಾಕು ಅಂತಾರೆ.”

“ಸರಿ, ಆ ಇನ್ನೊಂದು ಅರ್ಜೀನೇ ಕೊಡಿ.”

ಪರ್ನೆಲ್ ತಕ್ಷಣ ಕೊಡಲಿಲ್ಲ. “ನಿನ್ ತಂಗಿ ಆ ಹಾಳೆ ಕಳಿಸಿ ಎಷ್ಟ್ ದಿನ ಆಯ್ತು?”

“ಒಂದೂವರೆ ವರ್ಷ.”

“ಇದಕ್ಕೆ ಹಾಳೆ ಸಿಕ್ಕಿದ ದಿನದಿಂದ ಒಂದೇ ವರ್ಷ ಗಡುವು ಕಣೋ. ನಿನ್ ದಾವೆ ಕೋರ್ಟಲ್ಲಿ ಕೂತಿತ್ತು ಅಂತ ಗಡುವು ಕಾಯಲ್ಲ.”

ಟಾರ್ವರ್ ಕುರ್ಚಿ ಎಳೆದುಕೊಂಡು ಕೂತ. ಸಿಟ್ಟು ಬರಬೇಕಿತ್ತು, ಬಂದದ್ದು ಆಕಳಿಕೆ.

ಮರುದಿನ ಲಾಂಡ್ರಿಯಲ್ಲಿ ಒದ್ದೆ ಹಾಸುಗಳನ್ನು ಯಂತ್ರಕ್ಕೆ ತುಂಬುತ್ತಿದ್ದಾಗ ಡೆಮೆಟ್ರಿಸ್ ಬಂದು ಬೆನ್ನಿಗೆ ಗುದ್ದಿದ. ಅವನು ಟಾರ್ವರನ ಕೋಣೆಯವನೇ.

“ಹೊರಟ್ಯಲ್ಲ ದೊಡ್ಡೋನೇ! ಆ ಕೆಳಗಿನ ಮಂಚ ನಂಗೇ ಬಿಟ್ಟೋಗು. ಮಂಡಿನೋವು ಅಂತ ಚೀಟಿ ಬರೆಸ್ಕೊಂಡು ಸಾಕಷ್ಟು ವರ್ಷ ಬಿದ್ಕೊಂಡಿದ್ದೀಯ.”

“ನೀನು ಮೇಲೇ ಮಲಗು, ಬ್ರದರ್. ನಾನೆಲ್ಲೂ ಹೋಗ್ತಿಲ್ಲ.”

ಡೆಮೆಟ್ರಿಸ್ ನಗಲು ಹೊರಟವನು ಅವನ ಮುಖ ನೋಡಿ ಹಾಸಿನ ಇನ್ನೊಂದು ತುದಿ ಹಿಡಿದುಕೊಂಡ.

ಆ ವಾರವೇ ಟಾರ್ವರ್ ಬಿಡುಗಡೆಯ ಅರ್ಜಿ ತುಂಬಿದ. ತಡವಾದದ್ದೇಕೆಂದು ವಿವರಿಸಲು ಅರ್ಧ ಪುಟ ಜಾಗವಿತ್ತು. ‘ತಪ್ಪು ಅರ್ಜಿ ಎತ್ತಿಕೊಂಡೆ’ ಎಂದಷ್ಟೇ ಬರೆದ.

ಅರ್ಜಿ ಹೋಗಿ ಐದು ತಿಂಗಳಾಗಿದೆ. ಉತ್ತರ ಬಂದಿಲ್ಲ. ಶಿಕ್ಷೆಯಲ್ಲಿ ಇನ್ನೂ ಹದಿನೇಳು ವರ್ಷ ಬಾಕಿಯಿದೆ. ಟಾರ್ವರ್ ಲಾಂಡ್ರಿಯಲ್ಲಿದ್ದಾನೆ.